ಅರ್ಧ ಆಣೆಯ ಲೆಕ್ಕ: ವಿಜಾಪುರ ಸೀಮೆಯ ಬರಗಾಲದ ಕಾಮಗಾರಿಗಳಲ್ಲಿ ಕೂಲಿಯ ಕೊರತೆಯೂ ಕೂಲಿಯಿಲ್ಲದ ಹೊತ್ತೂ

1

ಕೂಲಿಯ ಲೆಕ್ಕದಲ್ಲಿ ಬರುವ ಸಣ್ಣ ತಪ್ಪುಗಳನ್ನು ಇತಿಹಾಸಕಾರರು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ದಿನ ಬಿಟ್ಟುಹೋಗುವುದು, ಬಟವಡೆಯ ಹೊತ್ತಿಗೆ ಕೆಲವು ಪೈ ಕಡಿಮೆ ಬೀಳುವುದು, ಕೆಲಸದ ಸ್ಥಳಕ್ಕೆ ನಡೆದು ಬಂದ ಹೊತ್ತು ಲೆಕ್ಕಕ್ಕೆ ಸೇರದೆ ಉಳಿಯುವುದು ಇವೆಲ್ಲ ಕಾರಕೂನನಿಗೂ ಕೂಲಿಕಾರನಿಗೂ ನಡುವೆ ಹುಟ್ಟಿ ಅಲ್ಲಿಯೇ ಅಡಗುವ ಸಂಗತಿಗಳೆಂಬ ಭಾವನೆ ಬಲವಾಗಿದೆ. ರಾಜವಂಶಗಳ ಏಳುಬೀಳುಗಳ ಎದುರಿಗೆ ಅರ್ಧ ಆಣೆಯ ಮಾತು ಕ್ಷುಲ್ಲಕವೆಂದು ತೋರುವುದು ಸಹಜವೇ. ಪ್ರಕೃತ ಲೇಖನದಲ್ಲಿ ನಾವು ಈ ಭಾವನೆಯನ್ನು ಪರೀಕ್ಷಿಸಲು ಯತ್ನಿಸಿದ್ದೇವೆ.

ಅದಕ್ಕಾಗಿ ಆರಿಸಿಕೊಂಡ ಕ್ಷೇತ್ರ ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ತಾಲೂಕುಗಳ ಸೀಮೆ. ಇದರ ಉತ್ತರದ ಅಂಚಿನಲ್ಲಿ ಭೀಮಾನದಿಯ ದಂಡೆಯ ಮೇಲೆ ದೇವಣಗಾಂವವಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಊರು ಎರಡು ರಾಜ್ಯಗಳ ಗಡಿಯಲ್ಲಿತ್ತು. ಈಚೆಯ ದಡ ಬ್ರಿಟಿಷರ ಮುಂಬಯಿ ಪ್ರಾಂತಕ್ಕೂ ಆಚೆಯ ದಡ ನಿಜಾಮರ ಹೈದರಾಬಾದ ಸಂಸ್ಥಾನಕ್ಕೂ ಸೇರಿದ್ದವು. ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳನ್ನು ಬಹುಮಟ್ಟಿಗೆ ಒಳಗೊಂಡಿದ್ದ ಜಿಲ್ಲೆಗೆ ಆಗ ಕಲಾದಗಿ ಎಂಬ ಹೆಸರಿತ್ತು. ಮುಖ್ಯಸ್ಥಳವು 1885ರ ಹೊತ್ತಿಗೆ ವಿಜಾಪುರಕ್ಕೆ ಸಾಗಿದ ಮೇಲೆ ಜಿಲ್ಲೆಯ ಹೆಸರೂ ಬದಲಾಯಿತು.

ಈ ಸೀಮೆಯ ಬೇಸಾಯದ ಸ್ವರೂಪವನ್ನು ಬಲ್ಲವರಿಗೆ ಇಲ್ಲಿ ಕೂಲಿಯ ಪ್ರಶ್ನೆ ಏಕೆ ಬರಗಾಲದೊಡನೆ ಹೆಣೆದುಕೊಂಡಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೋಣಿ ನದಿಯ ಬಯಲಿನ ಕಪ್ಪು ಎರೆಭೂಮಿ ಮಳೆ ಬಿದ್ದ ವರ್ಷ ಮನೆ ತುಂಬುವಷ್ಟು ಜೋಳ ಕೊಡುತ್ತದೆ. ಮಳೆ ತಪ್ಪಿದ ವರ್ಷ ಬಿತ್ತಿದ ಬೀಜವೂ ಮರಳುವುದಿಲ್ಲ. ಅಂಥ ವರ್ಷದಲ್ಲಿ ಹೊಲದವನೂ ಹೊಲವಿಲ್ಲದವನೂ ಒಂದೇ ಸಾಲಿನಲ್ಲಿ ನಿಂತು ಕೂಲಿಗಾಗಿ ಕೈಚಾಚಬೇಕಾಗುತ್ತಿತ್ತು. ಆ ಕೈಗೆ ಬೀಳುತ್ತಿದ್ದ ಹಣದ ಲೆಕ್ಕವೇ ಈ ಲೇಖನದ ವಸ್ತು.

2

1876ರಲ್ಲಿ ದಖ್ಖನದ ಬಹುಭಾಗದಲ್ಲಿ ಮಳೆ ವಿಫಲವಾಯಿತು. ಕಲಾದಗಿ ಜಿಲ್ಲೆ ಅತ್ಯಂತ ತೀವ್ರವಾಗಿ ಪೀಡಿತವಾದ ಪ್ರದೇಶಗಳಲ್ಲಿ ಒಂದು. ಸರಕಾರ ರಸ್ತೆ, ಕೆರೆ ಮೊದಲಾದ ಪರಿಹಾರ ಕಾಮಗಾರಿಗಳನ್ನು ತೆರೆಯಿತು. ಇವು ಎರಡು ಬಗೆಯವು. ಲೋಕೋಪಯೋಗಿ ಇಲಾಖೆಯ ದೊಡ್ಡ ಕಾಮಗಾರಿಗಳಲ್ಲಿ ಗಟ್ಟಿಮುಟ್ಟಾದವರಿಂದ ಅಳತೆಯ ಕೆಲಸ ಪಡೆಯಲಾಗುತ್ತಿತ್ತು. ಕಂದಾಯ ಅಧಿಕಾರಿಗಳ ಮೇಲ್ವಿಚಾರಣೆಯ ಸಣ್ಣ ಕಾಮಗಾರಿಗಳು ಅಶಕ್ತರಿಗಾಗಿ ಊರುಗಳಿಗೆ ಹತ್ತಿರದಲ್ಲಿ ನಡೆಯುತ್ತಿದ್ದವು.

ಮೊದಲಿಗೆ ನಿಗದಿಯಾದ ದಿನಗೂಲಿ ಗಂಡಾಳಿಗೆ 2 ಆಣೆ, ಹೆಣ್ಣಾಳಿಗೆ ಒಂದೂವರೆ ಆಣೆ, ಕೆಲಸ ಮಾಡಬಲ್ಲ ಹುಡುಗ ಹುಡುಗಿಯರಿಗೆ 1 ಆಣೆ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ ಎಂಬ ಹಳೆಯ ನಾಣ್ಯಪದ್ಧತಿಯನ್ನು ಇಂದಿನ ವಿದ್ಯಾರ್ಥಿಗಳು ಇಲ್ಲಿ ನೆನಪಿನಲ್ಲಿಡಬೇಕು. ಧಾರಣೆ ಏರಿ, ರೂಪಾಯಿಗೆ 16 ಪೌಂಡಿಗಿಂತ ಕಡಿಮೆ ಧಾನ್ಯ ಸಿಗುವಂತಾದಾಗ, ಅಂದರೆ 1876ರ ನವೆಂಬರದಲ್ಲಿ, ಕೂಲಿಯನ್ನು ಧಾನ್ಯದ ಬೆಲೆಗೆ ಜೋಡಿಸಲಾಯಿತು. ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ 1 ಆಣೆ ಎಂಬುದು ಹೊಸ ಸೂತ್ರ. ಬೆಲೆ ಎಷ್ಟೇ ಏರಿದರೂ ಹೊಟ್ಟೆಗೆ ಕಾಳು ಸಿಗಬೇಕೆಂಬ ದೃಷ್ಟಿಯಿಂದ ಇದು ವಿವೇಕದ ಏರ್ಪಾಡೇ ಆಗಿತ್ತು.

ಆದರೆ 1877ರ ಜನವರಿಯಲ್ಲಿ ಪರಿಸ್ಥಿತಿ ಬದಲಾಯಿತು. ಗವರ್ನರ್ ಜನರಲ್ ಲಾರ್ಡ್ ಲಿಟನ್ನನ ಸರಕಾರವು ವೆಚ್ಚವನ್ನು ಹತೋಟಿಗೆ ತರುವುದಕ್ಕಾಗಿ ಸರ್ ರಿಚರ್ಡ್ ಟೆಂಪಲ್ಲನನ್ನು ಕ್ಷಾಮ ಪ್ರತಿನಿಧಿಯನ್ನಾಗಿ ನೇಮಿಸಿತು. ಅದೇ ತಿಂಗಳಿನಲ್ಲಿ ಮುಂಬಯಿ ಪ್ರಾಂತದ ಸಣ್ಣ ಕಾಮಗಾರಿಗಳ ದರ ಇಳಿಯಿತು. ಗಂಡಾಳಿಗೆ ಒಂದು ಪೌಂಡಿನ ಬೆಲೆಯ ಮೇಲೆ ಒಂದು ಆಣೆಯ ಬದಲು ಅರ್ಧ ಆಣೆ, ಹೆಣ್ಣಾಳಿಗೆ ಒಂದು ಪೌಂಡಿನ ಬೆಲೆಯ ಮೇಲೆ ಅರ್ಧ ಆಣೆಯ ಬದಲು ಕಾಲು ಆಣೆ, ಮಕ್ಕಳಿಗೆ ಅರ್ಧ ಪೌಂಡಿನ ಬೆಲೆಯ ಮೇಲೆ ಕಾಲು ಆಣೆ ಎಂದಾಯಿತು. ಸಣ್ಣ ಕಾಮಗಾರಿಗಳಲ್ಲಿ ಸೇರಿಕೊಂಡಿದ್ದ ಶಕ್ತರನ್ನು ದೂರದ ದೊಡ್ಡ ಕಾಮಗಾರಿಗಳ ಕಡೆಗೆ ಹೊರಡಿಸುವುದು ಈ ಕಡಿತದ ಉದ್ದೇಶ. ಮದರಾಸು ಪ್ರಾಂತದಲ್ಲಿಯೂ ಇಂಥದೇ ದರ ಜಾರಿಗೆ ಬಂದು ‘ಟೆಂಪಲ್ ಕೂಲಿ’ ಎಂಬ ಹೆಸರು ಪಡೆಯಿತು.

3

ಈ ಅರ್ಧ ಆಣೆಯ ತೂಕವೆಷ್ಟು? ರೂಪಾಯಿಗೆ 16 ಪೌಂಡು ಧಾರಣೆ ಇರುವಾಗ ಒಂದು ಪೌಂಡು ಜೋಳಕ್ಕೆ ಒಂದು ಆಣೆ. ಗಂಡ, ಹೆಂಡತಿ, ಕೆಲಸ ಮಾಡಬಲ್ಲ ಒಂದು ಮಗು, ಹೀಗೆ ಮೂವರು ದುಡಿಯುವ ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಳೆಯ ದರದಂತೆ ಅವರ ದಿನದ ಒಟ್ಟು ಗಳಿಕೆ ನಾಲ್ಕೂವರೆ ಆಣೆ; ಹೊಸ ದರದಂತೆ ಮೂರೂವರೆ ಆಣೆ. ವ್ಯತ್ಯಾಸ ಒಂದು ಆಣೆ, ಎಂದರೆ ದಿನಕ್ಕೆ ಒಂದು ಪೌಂಡು ಜೋಳ. ಉಪ್ಪು, ಮೆಣಸಿನಕಾಯಿ, ಸೌದೆ ಯಾವುದನ್ನೂ ಕೊಳ್ಳದೆ ಇಡೀ ಗಳಿಕೆಯನ್ನು ಕಾಳಿಗೇ ಸುರಿದರೂ ಮೂವರ ಪಾಲಿಗೆ ಬರುವುದು ಮೂರೂವರೆ ಪೌಂಡು. ದುಡಿಯಲಾರದ ಮುದುಕರೂ ಎಳೆಯರೂ ಆ ಮನೆಯಲ್ಲಿದ್ದರೆ ಅವರಿಗೂ ಇದರಲ್ಲಿಯೇ ಪಾಲು ಹಾಕಬೇಕು. 1880ರ ಕ್ಷಾಮ ಆಯೋಗವು ದುಡಿಯುವ ಒಬ್ಬ ಗಂಡಾಳಿಗೇ ಸುಮಾರು ಒಂದೂವರೆ ಪೌಂಡು ಧಾನ್ಯ ಬೇಕೆಂದು ಆಮೇಲೆ ಒಪ್ಪಿಕೊಂಡಿತು.

ಇನ್ನೊಂದು ತೊಡಕು ಸೂತ್ರದೊಳಗೇ ಅಡಗಿತ್ತು. ಧಾರಣೆ ರೂಪಾಯಿಗೆ 13 ಪೌಂಡು ಎಂದಿಟ್ಟುಕೊಳ್ಳೋಣ. ಆಗ ಒಂದು ಪೌಂಡಿನ ಬೆಲೆ 14 ಪೈಯೂ ಮೇಲೆ ಮುಕ್ಕಾಲು ಪೈಯೂ ಆಗುತ್ತದೆ. ಪೈಗಿಂತ ಚಿಕ್ಕ ನಾಣ್ಯವಿಲ್ಲದ ಕಾರಣ ಲೆಕ್ಕ ಬರೆಯುವವನು ಅದನ್ನು 14ಕ್ಕೆ ಇಳಿಸಬೇಕು, ಇಲ್ಲವೆ 15ಕ್ಕೆ ಏರಿಸಬೇಕು. ಇಳಿಸಿದರೆ ಒಬ್ಬನಿಗೆ ಆಗುವ ನಷ್ಟ ಒಂದು ಪೈಗೂ ಕಡಿಮೆ. ಸಾವಿರ ಆಳಿನ ಕಾಮಗಾರಿಯಲ್ಲಿ ಅದು ದಿನಕ್ಕೆ ಸುಮಾರು 4 ರೂಪಾಯಿ. ಏರಿಸಿದರೆ ಸರಕಾರಕ್ಕೆ ದಿನಕ್ಕೆ ಒಂದು ರೂಪಾಯಿಗಿಂತ ತುಸು ಹೆಚ್ಚು ವೆಚ್ಚ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ; ಪ್ರಾಮಾಣಿಕನಾದ ಕಾರಕೂನನೂ ಎರಡರಲ್ಲೊಂದನ್ನು ಆರಿಸಲೇಬೇಕು. ಧಾರಣೆ ಸಂತೆಯಿಂದ ಸಂತೆಗೆ ಬದಲಾಗುತ್ತಿದ್ದಾಗ ಹಳೆಯ ಧಾರಣೆಯ ಮೇಲೆ ಹೊಸ ವಾರದ ಕೂಲಿ ಕಟ್ಟಿದರೂ ಇಂಥದೇ ಕೊರತೆ ಹುಟ್ಟುತ್ತದೆ.

ಇಲ್ಲಿ ನಮ್ಮ ವಿಚಾರದ ಮೂಲಸೂತ್ರವು ಗೋಚರಿಸುತ್ತದೆ. ಲೆಕ್ಕವಿದ್ದಲ್ಲಿ ತಪ್ಪು ಇದ್ದೇ ಇರುತ್ತದೆ. ಆ ತಪ್ಪಿನ ಭಾರವನ್ನು ಯಾರ ಹೆಗಲ ಮೇಲೆ ಹೊರಿಸಲಾಯಿತು ಎಂಬುದೇ ಕೇಳಬೇಕಾದ ಪ್ರಶ್ನೆ. ಉಣ್ಣುವುದಕ್ಕೆ ಸರಿಯಾಗುವಷ್ಟೇ ಅಳೆದು ಕೊಟ್ಟ ಕೂಲಿಯಲ್ಲಿ ತಪ್ಪಿಗೆ ಎಡೆಯಿರುವುದಿಲ್ಲ. ಉಳ್ಳವನ ಪಗಾರದಲ್ಲಿ ಅರ್ಧ ಆಣೆ ಕಡಿಮೆಯಾದರೆ ಅದು ತಪ್ಪು ಮಾತ್ರ. ಪೌಂಡಿನ ಲೆಕ್ಕದ ಕೂಲಿಯಲ್ಲಿ ಕಡಿಮೆಯಾದರೆ ಅದು ಅರ್ಧ ಊಟ.

4

ಹಣದ ಕೊರತೆ ಕಡತದಲ್ಲಿ ಕಾಣಿಸುತ್ತದೆ. ಹೊತ್ತಿನ ಕೊರತೆ ಕಡತಕ್ಕೂ ಬರುವುದಿಲ್ಲ. ಆ ಕಾಲದ ಪರಿಹಾರ ನೀತಿಯಲ್ಲಿ ‘ದೂರದ ಪರೀಕ್ಷೆ’ ಎಂಬುದೊಂದಿತ್ತು. ಮನೆಯ ಬಳಿಯೇ ಕೆಲಸ ಸಿಕ್ಕರೆ ಅಗತ್ಯವಿಲ್ಲದವರೂ ಬರುವರೆಂಬ ಅನುಮಾನದಿಂದ, ಹಲವು ಹರದಾರಿ ನಡೆದು ಬಂದು ಕಾಮಗಾರಿಯ ಬಿಡಾರದಲ್ಲಿಯೇ ಉಳಿಯಲು ಒಪ್ಪುವವರಿಗೆ ಮಾತ್ರ ಕೆಲಸ ಕೊಡುವುದು ಇದರ ತತ್ತ್ವ. ದೇವಣಗಾಂವದಂಥ ಗಡಿಯ ಊರಿನಿಂದ ಜಿಲ್ಲೆಯ ನಡುಭಾಗದ ಕಾಮಗಾರಿಗೆ ಹೋಗುವ ಸಂಸಾರವು ಎರಡು ದಿನ ನಡೆದರೆ, ಆ ಎರಡು ದಿನಗಳ ಕೂಲಿ ಎಲ್ಲಿಯೂ ಜಮೆಯಾಗುವುದಿಲ್ಲ. ಮೇಲೆ ಹೇಳಿದ ಮೂವರ ಸಂಸಾರಕ್ಕೆ ಅದು ಏಳು ಆಣೆಯ ನಷ್ಟ. ಮನೆ, ದನಕರು, ಹಾಸಿಗೆ ಹಿಡಿದ ಹಿರಿಯರು ಇವರನ್ನು ಬಿಟ್ಟುಹೋಗುವ ಸಂಕಟ ಬೇರೆ.

ಅಳತೆಯ ಪದ್ಧತಿಯಿಂದಲೂ ಹೊತ್ತು ನಷ್ಟವಾಗುತ್ತಿತ್ತು. ಅಗೆದ ಮಣ್ಣು, ಒಡೆದ ಖಡಿ ಇವುಗಳ ರಾಶಿಯನ್ನು ಅಳೆದು ಕೂಲಿ ಕಟ್ಟುವಲ್ಲಿ, ಅಳೆಯುವವನು ತಡವಾಗಿ ಬಂದರೆ ಕಾದ ಹೊತ್ತು ಕೂಲಿಕಾರನದು. ಗುದ್ದಲಿ ಬುಟ್ಟಿಗಳು ಸಾಲದಿದ್ದರೆ ಸುಮ್ಮನೆ ಕುಳಿತ ಹೊತ್ತೂ ಅವನದೇ. ಕೆಲಸವನ್ನು ಗುಂಪಿನ ಲೆಕ್ಕದಲ್ಲಿ ಅಳೆಯುತ್ತಿದ್ದುದರಿಂದ ಒಬ್ಬನ ಅಶಕ್ತಿಯ ಫಲವನ್ನು ಹತ್ತಾರು ಜನ ಉಣ್ಣಬೇಕಾಗುತ್ತಿತ್ತು. ಈ ಕ್ರಮವು 1899–1900ರ ಬರಗಾಲದಲ್ಲಿ ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ನಿಗದಿಯ ಕೆಲಸವನ್ನು ಪೂರೈಸದವರ ಕೂಲಿಯನ್ನು ಸಾಮಾನ್ಯ ಕನಿಷ್ಠ ದರಕ್ಕಿಂತಲೂ ಕೆಳಗೆ ಇಳಿಸುವ ‘ದಂಡದ ಕನಿಷ್ಠ ಕೂಲಿ’ಯನ್ನು ಮುಂಬಯಿ ಸರಕಾರ ಆಗ ಜಾರಿಗೆ ತಂದಿತು. ಉಪವಾಸದಿಂದ ಬಲ ಕುಂದಿ ಕೆಲಸ ಕಡಿಮೆ. ಕೆಲಸ ಕಡಿಮೆಯಾದುದರಿಂದ ಕೂಲಿ ಕಡಿಮೆ. ಕೂಲಿ ಕಡಿಮೆಯಾದುದರಿಂದ ಮತ್ತೆ ಉಪವಾಸ. 1901ರಲ್ಲಿ ಮ್ಯಾಕ್‌ಡೊನೆಲ್ ಆಯೋಗವೂ ಈ ಕ್ರಮವನ್ನು ಮೆಚ್ಚಲಿಲ್ಲ.

5

ಕೂಲಿಕಾರರು ಇದನ್ನೆಲ್ಲ ಸುಮ್ಮನೆ ಸಹಿಸಿದರೆಂದು ತಿಳಿಯುವುದು ತಪ್ಪಾದೀತು. 1877ರ ಆರಂಭದ ವಾರಗಳಲ್ಲಿ ಮುಂಬಯಿ ಪ್ರಾಂತದ ದಖ್ಖನ ಭಾಗದ ಕಾಮಗಾರಿಗಳಿಂದ ಜನ ಗುಂಪುಗುಂಪಾಗಿ ಹೊರಬಿದ್ದರು. ಕಡಿತವಾದ ಕೂಲಿಯನ್ನು ಒಲ್ಲೆವೆಂದೂ ದೂರದ ಬಿಡಾರಗಳಿಗೆ ಹೋಗೆವೆಂದೂ ಅವರು ಹಟ ಹಿಡಿದರು. ಹಸಿದವರು ಕೂಲಿಯನ್ನೇ ತ್ಯಜಿಸಿ ಮಾಡಿದ ಈ ಮುಷ್ಕರ ನಮ್ಮ ಕಾರ್ಮಿಕ ಇತಿಹಾಸದಲ್ಲಿ ಇನ್ನೂ ತಕ್ಕ ಸ್ಥಾನವನ್ನು ಪಡೆಯಬೇಕಾಗಿದೆ. 1870ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ನಿಂತು, ಗಣೇಶ ವಾಸುದೇವ ಜೋಶಿ, ಮಹಾದೇವ ಗೋವಿಂದ ರಾನಡೆ ಮೊದಲಾದವರ ನೇತೃತ್ವದಲ್ಲಿ ಊರೂರಿನ ಸಮಾಚಾರ ಸಂಗ್ರಹಿಸಿ ಸರಕಾರಕ್ಕೆ ಮನವಿಗಳನ್ನು ಕಳಿಸಿತು. ಮದರಾಸಿನಲ್ಲಿ ಆರೋಗ್ಯ ಕಮಿಷನರನಾದ ಡಾ. ಕಾರ್ನಿಷ್‌ನು ಈ ಕೂಲಿಯಿಂದ ದೇಹ ಧಾರಣೆ ಅಸಾಧ್ಯವೆಂದು ವಾದಿಸಿದನು. ಅಲ್ಲಿ 1877ರ ಮೇ ತಿಂಗಳಿನಲ್ಲಿ ದರವನ್ನು ಏರಿಸಬೇಕಾಯಿತು. ಅದೇ ಹೊತ್ತಿಗೆ ಸರ್ ರಿಚರ್ಡ್ ಟೆಂಪಲ್ಲನು ಮುಂಬಯಿ ಪ್ರಾಂತದ ಗವರ್ನರನಾಗಿ ಬಂದನೆಂಬುದು ಇತಿಹಾಸದ ವಿಪರ್ಯಾಸಗಳಲ್ಲಿ ಒಂದು.

ಫಲಿತಾಂಶವನ್ನು ಜನಗಣತಿಯೇ ನುಡಿಯುತ್ತದೆ. 1872ರಲ್ಲಿ 8 ಲಕ್ಷ 16 ಸಾವಿರಕ್ಕೂ ಮಿಕ್ಕಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿಯಿತು; ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಲೆಕ್ಕದಿಂದ ಮರೆಯಾದರು. ಇವರೆಲ್ಲರೂ ಸತ್ತವರಲ್ಲ, ಊರು ಬಿಟ್ಟು ಹೋದವರೂ ಇದ್ದಾರೆ. ಇದನ್ನೆಲ್ಲ ಅರ್ಧ ಆಣೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ, ಏಕೆಂದರೆ ಮಳೆ, ಧಾರಣೆ, ರೋಗರುಜಿನಗಳೂ ಇದರಲ್ಲಿ ಪಾಲುಗಾರರು. ಆದರೆ ಅಷ್ಟು ದೊಡ್ಡ ಆಪತ್ತಿನ ನಡುವೆ ಸರಕಾರದ ಕೈಯಲ್ಲಿ ನೇರವಾಗಿ ಇದ್ದ ಸಾಧನಗಳಲ್ಲಿ ಕೂಲಿಯ ದರ ಮುಖ್ಯವಾದುದು. ಅದನ್ನೇ ಬಿಗಿ ಹಿಡಿಯಲಾಯಿತು. ಮುಂದೆ ಕ್ಷಾಮ ನಿಯಮಾವಳಿಗಳು ರೂಪುಗೊಂಡು, ವಾರದ ವಿರಾಮದ ದಿನಕ್ಕೂ ಕೂಲಿ ಕೊಡುವ ಏರ್ಪಾಡು ಅವುಗಳಲ್ಲಿ ಸೇರಿತು. ಕ್ಷಾಮದಿಂದ ರಕ್ಷಣೆಗೆಂದು ಯೋಜಿಸಿದ ಹೋಟಗಿ–ಗದಗ ರೈಲುಮಾರ್ಗ 1884ರಲ್ಲಿ ಇಂಡಿ, ವಿಜಾಪುರಗಳ ಮೂಲಕ ಸಂಚಾರಕ್ಕೆ ತೆರೆಯಿತು.

6

ತಪ್ಪಿನ ಭಾರ ಕೂಲಿಕಾರನಿಂದ ಕೂಲಿ ಕೊಡುವವನ ಕಡೆಗೆ ಸರಿಯಲು ಮತ್ತೆ ಅರ್ಧ ಶತಮಾನ ಹಿಡಿಯಿತು. ಕಾರ್ಮಿಕರನ್ನು ಕುರಿತ ವ್ಹಿಟ್ಲಿ ಆಯೋಗದ (1929–31) ಪರಿಶೀಲನೆಯ ಮೇಲೆ 1936ರಲ್ಲಿ ವೇತನ ಪಾವತಿ ಕಾಯಿದೆ ಬಂದಿತು. ಸಾವಿರಕ್ಕಿಂತ ಕಡಿಮೆ ಆಳುಗಳಿರುವಲ್ಲಿ ವೇತನದ ಅವಧಿ ಮುಗಿದ 7 ದಿನಗಳೊಳಗೆ, ಉಳಿದೆಡೆ 10 ದಿನಗಳೊಳಗೆ ಬಟವಡೆಯಾಗಬೇಕು. ದಂಡವು ರೂಪಾಯಿಗೆ ಅರ್ಧ ಆಣೆಯನ್ನು ಮೀರಬಾರದು. ದಂಡ ಹಾಕುವ ಮೊದಲು ಆಳಿನ ಮಾತನ್ನು ಕೇಳಬೇಕು. ಗೈರುಹಾಜರಿಗಾಗಿ ಮುರಿದುಕೊಳ್ಳುವುದು ಗೈರಾದ ಹೊತ್ತಿನ ಪ್ರಮಾಣವನ್ನು ಮೀರಬಾರದು ಎಂದು ಅದು ವಿಧಿಸಿತು. ಬರಗಾಲದ ಕಾಮಗಾರಿಯಲ್ಲಿ ಯಾವ ವಿಚಾರಣೆಯೂ ಇಲ್ಲದೆ ಹೋದ ಅರ್ಧ ಆಣೆ, ಅರವತ್ತು ವರ್ಷಗಳ ತರುವಾಯ ದಂಡದ ಮೇರೆಯಾಗಿ ಶಾಸನದಲ್ಲಿ ಕಾಣಿಸಿಕೊಂಡಿತು. ಆದರೂ ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಗ್ಗೂಡಿ, ಮುನ್ಸೂಚನೆಯಿಲ್ಲದೆ ಕೆಲಸಕ್ಕೆ ಬಾರದಿದ್ದರೆ 8 ದಿನಗಳವರೆಗಿನ ಕೂಲಿಯನ್ನು ಮುರಿದುಕೊಳ್ಳಲು ಅದರಲ್ಲಿ ಅವಕಾಶವಿತ್ತು. ಕಾಯಿದೆ ಮೊದಲಿಗೆ ಅನ್ವಯಿಸಿದ್ದು ಕಾರಖಾನೆಗಳಿಗೂ ರೈಲ್ವೆಗೂ ಮಾತ್ರ. ಇಂಡಿಯ ನಿಲ್ದಾಣದಲ್ಲಿ ಕೆಲಸಕ್ಕಿದ್ದವನಿಗೆ ಅದರ ಆಶ್ರಯ ದೊರೆಯಿತು. ನಿಲ್ದಾಣದ ಬೇಲಿಯಾಚೆಯ ಹೊಲದಲ್ಲಿ ಜೋಳ ಕೊಯ್ಯುವವಳಿಗೆ ದೊರೆಯಲಿಲ್ಲ.

ಬರಗಾಲದ ಕಾಮಗಾರಿಯ ಪ್ರಶ್ನೆ ಕೊನೆಗೆ ಸುಪ್ರೀಂ ಕೋರ್ಟಿನ ಮುಂದೆ ಬಂದುದು 1983ರಲ್ಲಿ. ರಾಜಸ್ಥಾನದ ಒಂದು ರಸ್ತೆಯ ಪರಿಹಾರ ಕಾಮಗಾರಿಯಲ್ಲಿ ದಿನಕ್ಕೆ 7 ರೂಪಾಯಿ ಕನಿಷ್ಠ ಕೂಲಿ ಇದ್ದರೂ, ಗುಂಪು ಮಾಡಿದ ಕೆಲಸದ ಅಳತೆಯ ಮೇಲೆ ಅದಕ್ಕಿಂತ ಕಡಿಮೆ ಕೊಡಲಾಗುತ್ತಿತ್ತು. ಬರಗಾಲದ ಕಾಮಗಾರಿಗಳಿಗೆ ಕಾರ್ಮಿಕ ಕಾನೂನುಗಳಿಂದ ವಿನಾಯಿತಿ ಕೊಡುವ 1964ರ ಕಾಯಿದೆಯನ್ನು ರಾಜ್ಯ ಸರಕಾರ ಆಧಾರವಾಗಿ ತೋರಿಸಿತು. ಸಂಜಿತ್ ರಾಯ್ ಪ್ರಕರಣದ ತೀರ್ಪಿನಲ್ಲಿ ನ್ಯಾಯಾಲಯವು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ಅನುಚ್ಛೇದ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸಾರಿತು. ಬರಗಾಲ ಪೀಡಿತರ ಅಸಹಾಯಕತೆಯನ್ನು ಸರಕಾರ ತನ್ನ ಲಾಭಕ್ಕೆ ಬಳಸಿಕೊಳ್ಳಲಾಗದೆಂದೂ ಹೇಳಿತು. 1877ರಲ್ಲಿ ಹಟ ಹಿಡಿದವರ ವಾದವು ನ್ಯಾಯವೆನಿಸಿಕೊಳ್ಳಲು ನೂರಕ್ಕೂ ಹೆಚ್ಚು ವರ್ಷ ಬೇಕಾದವು.

ಹೆಚ್ಚು ಕೊಟ್ಟ ತಪ್ಪಿನ ಮಾತೂ ಉಂಟು. ಬಸವನ ಬಾಗೇವಾಡಿಯನ್ನು ಒಳಗೊಂಡ ಈ ನಾಡಿನಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯನ್ನು ಅರಿಯದವರಿಲ್ಲ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡನಿಗೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹೇಳಿದಳೆಂಬುದು ಪರಂಪರೆ. ದುಡಿಯುವವನು ತಾನಾಗಿ ಹೆಚ್ಚಿನದನ್ನು ಮರಳಿಸುವುದು ನೀತಿ. ಕೊಟ್ಟವನು ವರ್ಷಗಳ ಮೇಲೆ ತನ್ನದೇ ತಪ್ಪನ್ನು ಕಂಡುಹಿಡಿದು ಬಡವನ ಪಗಾರದಿಂದ ಕಿತ್ತುಕೊಳ್ಳುವುದು ಬೇರೆ ಸಂಗತಿ. 1936ರ ಕಾಯಿದೆ ಹೆಚ್ಚು ಪಾವತಿಯ ಹೊಂದಾಣಿಕೆಗೆ ಅವಕಾಶ ಕೊಟ್ಟಿತ್ತು. 2014ರಲ್ಲಿ ಸುಪ್ರೀಂ ಕೋರ್ಟು ರಫೀಕ್ ಮಸೀಹ್ ಪ್ರಕರಣದಲ್ಲಿ, ಕೆಳದರ್ಜೆಯ ಸರಕಾರಿ ನೌಕರರಿಂದಲೂ ನಿವೃತ್ತರಿಂದಲೂ, ಐದು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂದ ಹೆಚ್ಚು ಪಾವತಿಯ ಸಂದರ್ಭದಲ್ಲಿಯೂ ಇಂಥ ವಸೂಲಿ ಸಲ್ಲದೆಂದು ತೀರ್ಮಾನಿಸಿ ಈ ಭೇದವನ್ನು ಗುರುತಿಸಿತು. 1936ರ ಕಾಯಿದೆಯೂ 1948ರ ಕನಿಷ್ಠ ವೇತನ ಕಾಯಿದೆಯೂ 2019ರ ವೇತನ ಸಂಹಿತೆಯಲ್ಲಿ ಅಡಕವಾಗಿ, ಆ ಸಂಹಿತೆ 2025ರ ನವೆಂಬರ 21ರಿಂದ ಜಾರಿಗೆ ಬಂದಿದೆ.

7

ಮತ್ತೆ ಭೀಮೆಯ ದಂಡೆಗೆ ಬರೋಣ. 1956ರ ನವೆಂಬರ 1ರಂದು ನದಿಯ ಎರಡೂ ದಡಗಳು ಒಂದೇ ರಾಜ್ಯಕ್ಕೆ ಸೇರಿದವು. ಆದರೂ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ ಆಚೆಯ ದಡದ ಗುಲಬರ್ಗಾ ಜಿಲ್ಲೆಗೆ 2006ರಲ್ಲಿಯೇ ಬಂದರೆ ಈಚೆಯ ವಿಜಾಪುರ ಜಿಲ್ಲೆಗೆ ಬಂದುದು 2008ರಲ್ಲಿ. ಹದಿನೈದು ದಿನಗಳೊಳಗೆ ಕೂಲಿ ಸಲ್ಲಬೇಕೆಂದು ಆ ಕಾಯಿದೆ ವಿಧಿಸಿತ್ತು. ತಡವಾದ ಪ್ರತಿ ದಿನಕ್ಕೆ ಬಾಕಿಯ ಶೇಕಡಾ 0.05ರಂತೆ ಪರಿಹಾರವನ್ನೂ ಅದರ ನಿಯಮಗಳು ಗೊತ್ತುಪಡಿಸಿದ್ದವು. ನೂರು ರೂಪಾಯಿ ಬಾಕಿಗೆ ದಿನಕ್ಕೆ 5 ಪೈಸೆ. ಮೊತ್ತ ಅಲ್ಪವೇ, ಆದರೆ ಕಾದ ಹೊತ್ತಿಗೂ ಬೆಲೆಯುಂಟೆಂಬ ತತ್ತ್ವ ಅದರಲ್ಲಿ ಒಪ್ಪಿತವಾಗಿತ್ತು. 1877ರ ಹಾಜರಿ ಪುಸ್ತಕದಲ್ಲಿ ಆ ತತ್ತ್ವಕ್ಕೆ ಅಂಕಣವೇ ಇರಲಿಲ್ಲ.

ಈ ವಿವೇಚನೆಯಿಂದ ನಾವು ತಲುಪುವ ನಿರ್ಣಯ ಇಷ್ಟು. ಕೂಲಿಯ ತಪ್ಪು ಸಣ್ಣದೋ ದೊಡ್ಡದೋ ಎಂಬುದನ್ನು ಅದನ್ನು ಬರೆದವನ ಪುಸ್ತಕದಿಂದ ಅಳೆಯಬಾರದು. ಅದನ್ನು ಉಂಡವನ ತಟ್ಟೆಯಿಂದ ಅಳೆಯಬೇಕು. ಆ ಅಳತೆಯಲ್ಲಿ ನೋಡಿದಾಗ ತಪ್ಪನ್ನು ತಿದ್ದುವ ಹೊಣೆ ಲೆಕ್ಕ ಇಡುವವನ ಮೇಲೆಯೇ ಬೀಳುತ್ತದೆ. ಅವನ ಬಳಿ ಪುಸ್ತಕವಿದೆ, ಕಾಯಲು ಸಮಯವಿದೆ. ಎದುರಿಗೆ ನಿಂತವನ ಬಳಿ ಎರಡೂ ಇಲ್ಲ.

ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ಬಿನ್ನಹವಿದೆ. ಸಿಂದಗಿ, ಇಂಡಿ ಸೀಮೆಯ ಊರುಗಳ ವಿದ್ಯಾರ್ಥಿಗಳು ರಜೆಯಲ್ಲಿ ಮನೆಗೆ ಹೋದಾಗ, ಹಿರಿಯರು ಮಾಡಿದ ಬರಗಾಲದ ಕೆಲಸದ ನೆನಪುಗಳನ್ನೂ ಮನೆಯ ಗೂಡಿನಲ್ಲಿ ಉಳಿದ ಕೂಲಿಚೀಟಿಗಳನ್ನೂ ಹಳೆಯ ಪಗಾರ ಪುಸ್ತಕಗಳನ್ನೂ ಗುರುತು ಹಾಕಿಕೊಂಡು ಬರಲಿ. ಎಷ್ಟು ಕೂಲಿ ಬಂದಿತು ಎಂದು ಕೇಳುವಾಗಲೇ ಎಷ್ಟು ದೂರ ನಡೆದಿರಿ, ಎಷ್ಟು ಹೊತ್ತು ಕಾದಿರಿ ಎಂದೂ ಕೇಳಲಿ. ಶಿಲಾಶಾಸನದ ಒಂದು ಅಕ್ಷರ ಅಳಿಯದಂತೆ ನಾವು ತೋರುವ ಎಚ್ಚರವನ್ನು ಈ ಚೀಟಿಗಳ ವಿಷಯದಲ್ಲಿಯೂ ತೋರಿದರೆ, ಈ ಸೀಮೆಯ ಇತಿಹಾಸದಲ್ಲಿ ಬಿಟ್ಟುಹೋಗಿರುವ ಹಾಜರಿಯನ್ನು ಕೊಂಚಮಟ್ಟಿಗಾದರೂ ತುಂಬಿದಂತಾದೀತು.